ಮರೆಗೊಂದು ಮರ ಬೇಕಾದಾಗ

ಈ ಸಂಚಿಕೆಯಲ್ಲಿ ಅತಿಥಿಗಳು ಯಾರೂ ಇಲ್ಲ, ಸಂದರ್ಶನವೂ ಇಲ್ಲ. ನಮ್ಮದೇ ಹಿತ್ತಲಿನ ಒಂದು ಸೋಲಿನ ಕಥೆ ಇದೆ, ಅದರ ಹಿಂದಿನ ವಿಜ್ಞಾನ ಇದೆ, ಜೊತೆಗೆ ಒಂದು ಅಭಿಪ್ರಾಯವೂ ಇದೆ. ಒಪ್ಪದೇ ಇದ್ದವರು ಬರೆದು ಬೈಯಬಹುದು, ಎಲ್ಲಾ ಓದ್ತೀವಿ.

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡದವರ ಮನೆ ಗೃಹಪ್ರವೇಶಕ್ಕೆ ಹೋದರೆ, ಊಟ ಮುಗಿದ ಮೇಲೆ ನಮ್ಮನ್ನು ಹಿತ್ತಲಿಗೆ ಕರ್ಕೊಂಡು ಹೋಗಿ ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ನೀವು ಗಿಡಗಳ ಮೇಲೆ ಪಿಎಚ್‌ಡಿ ಮಾಡಿದ್ದೀರಲ್ಲ, ಬೇಲಿ ಪಕ್ಕ ಹಾಕೋಕೆ ಯಾವುದಾದ್ರೂ ಮರ ಹೇಳಿ. ವರ್ಷಪೂರ್ತಿ ಹಸಿರಾಗಿರಬೇಕು, ಬೇಗ ಬೆಳೀಬೇಕು, ನೀರು ಜಾಸ್ತಿ ಕೇಳಬಾರದು. ಪಕ್ಕದ ಮನೆ ಕಿಟಕಿ ಕಾಣಬಾರದು ಅಷ್ಟೇ."

ನಮ್ಮ ಉತ್ತರ ಇಷ್ಟು: ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಿ, "ಬೇಗ" ಅನ್ನೋದನ್ನು ಬಿಟ್ಟುಬಿಡಿ. ಹಾಗಂದ ತಕ್ಷಣ ಕೇಳಿದವರ ಮುಖ ಸಪ್ಪೆ ಆಗುತ್ತೆ. ನಮಗೆ ಅರ್ಥ ಆಗುತ್ತೆ, ಯಾಕಂದ್ರೆ ನಾವೂ ಅದೇ ಮೂರನ್ನೂ ಒಟ್ಟಿಗೆ ಬಯಸಿ, ದುಡ್ಡು ಕೊಟ್ಟು, ಗಿಡ ಸಾಯಿಸಿದವರೇ.

ನಾವಿರೋದು ಮೆನ್ಲೋ ಪಾರ್ಕ್‌ನಲ್ಲಿ. ಇಲ್ಲಿನ ಹಳೆಯ ಮನೆಗಳು ಬಹುಪಾಲು 1940-50ರ ದಶಕದ ಒಂದಂತಸ್ತಿನ ಮನೆಗಳು. ಅವುಗಳ ನಡುವೆ ಆರೇಳು ಅಡಿ ಎತ್ತರದ ಮರದ ಹಲಗೆ ಬೇಲಿ ಇದ್ದರೆ ಸಾಕಾಗಿತ್ತು. ಈಗ ಹಳೇ ಮನೆ ಕೆಡವಿ ಎರಡಂತಸ್ತು ಕಟ್ಟೋದು ಬೀದಿಬೀದಿಯಲ್ಲೂ ನಡೀತಿದೆ. 2022ರ ಬೇಸಿಗೆಯ ಹೊತ್ತಿಗೆ ನಮ್ಮ ಹಿಂದಿನ ಮನೆಯೂ ಎರಡಂತಸ್ತಾಯಿತು. ಅದೇ ಮೇ ತಿಂಗಳಲ್ಲಿ ಅಮ್ಮ ತಿಪಟೂರಿನಿಂದ ಬಂದರು.

ಅಮ್ಮನಿಗೆ ಇಲ್ಲಿ ಇದ್ದ ಸುಖ ಅಂದ್ರೆ ಹಿತ್ತಲೊಂದೇ. ತಲೆಗೆ ನೀರು ಹಾಕ್ಕೊಂಡ ಮೇಲೆ ಬೆಂಚಿನ ಮೇಲೆ ಕೂತು ಬಿಸಿಲಿಗೆ ಕೂದಲು ಒಣಗಿಸೋದು, ಹಗ್ಗ ಕಟ್ಟಿ ಸೀರೆ ಒಣಹಾಕೋದು, ಊರಿಗೆ ಫೋನ್ ಮಾಡಿ ಜೋರಾಗಿ ಮಾತಾಡೋದು. ಒಂದು ಬೆಳಿಗ್ಗೆ ಮೇಲಿನ ಕಿಟಕಿಯಲ್ಲಿ ಯಾರೋ ನಿಂತಿದ್ದು ಕಾಣ್ತಂತೆ. ಆಮೇಲೆ ಅವರು ಹೊರಗೆ ಹೋಗೋದು ನಿಂತೇ ಹೋಯಿತು. ಕೇಳಿದರೆ "ಏನಿಲ್ಲ ಬಿಡಿ, ಒಳಗೇ ಚೆನ್ನಾಗಿದೆ" ಅಂತಿದ್ರು. ಆರು ತಿಂಗಳಿಗೆ ಅಂತ ಬಂದವರು ಮೂರನೇ ವಾರಕ್ಕೇ ಒಳಗೆ ಸೇರಿಕೊಂಡರೆ ಹೇಗಿರುತ್ತೆ? ನಮಗೆ ಗಾಬರಿ ಆಯ್ತು. ಆ ಗಾಬರಿಯಲ್ಲೇ ಒಂದು ನರ್ಸರಿಗೆ ಹೋಗಿ, ಆಳುದ್ದದ ಹನ್ನೆರಡು ಪಿಟೊಸ್ಪೋರಮ್ ಗಿಡ ತಂದು ಬೇಲಿಯುದ್ದಕ್ಕೂ ಸಾಲಾಗಿ ನೆಟ್ಟೆವು. ಜೂನ್ ಎರಡನೇ ವಾರ.

ಯಾಕೆ ಜೂನ್ ಅಂತ ಆಗ ಯೋಚನೆ ಕೂಡ ಮಾಡಲಿಲ್ಲ. ಗಿಡ ನೆಡೋದು ಮೃಗಶಿರಾ ಮಳೆಗೆ, ಶಾಲೆಯಲ್ಲಿ ವನಮಹೋತ್ಸವ ಮಾಡೋದು ಜುಲೈನಲ್ಲಿ. ಇದು ನಮ್ಮ ಕೈಗೆ, ಕಾಲಿಗೆ, ಮೂಗಿಗೆ ಗೊತ್ತಿರೋ ಲೆಕ್ಕ. ಮೆನ್ಲೋ ಪಾರ್ಕ್‌ನಲ್ಲಿ ಜೂನ್ ಅಂದ್ರೆ ಮಳೆ ಮುಗಿದುಹೋದ ತಿಂಗಳು. ಇಲ್ಲಿ ವರ್ಷಕ್ಕೆ ಹದಿನೈದು ಇಂಚಿನ ಆಸುಪಾಸು ಮಳೆ, ಅದು ಬರೋದು ನವೆಂಬರ್‌ನಿಂದ ಏಪ್ರಿಲ್ ಒಳಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶದಿಂದ ಬೀಳೋದು ಸೊನ್ನೆಗೆ ಹತ್ತಿರ. ಅಂದರೆ ಊರಿನಲ್ಲಿ ಯಾರೂ ಶಿವರಾತ್ರಿ ಮುಗಿದ ಮೇಲೆ ಸಸಿ ನೆಡಲ್ವಲ್ಲ, ಆ ಕೆಲಸವನ್ನು ನಾವಿಲ್ಲಿ ಮಾಡಿದ್ದೆವು. ಪಿಎಚ್‌ಡಿ ಇಟ್ಕೊಂಡು! ನಮ್ಮ ಸಮರ್ಥನೆಗೆ ಇಷ್ಟು ಹೇಳಬಹುದು: ನಾವು ಪ್ರಯೋಗಾಲಯದಲ್ಲಿ ಕೆಲಸ ಮಾಡೋದು ಸಾಸಿವೆ ಕುಟುಂಬದ ಒಂದು ಪುಟಾಣಿ ಗಿಡದ ಜೊತೆ. ಟ್ರೇಯಲ್ಲಿ ಮೊಳೆತು, ಟ್ರೇಯಲ್ಲೇ ಹೂಬಿಟ್ಟು, ಕೆಲವೇ ವಾರಗಳಲ್ಲಿ ಅದರ ಜೀವನ ಮುಗಿಯುತ್ತೆ. ಅದಕ್ಕೆ ಮಳೆಗಾಲ ಬೇಸಿಗೆ ಎಲ್ಲಾ ನಾವೇ ಗುಂಡಿ ಒತ್ತಿ ಮಾಡೋದು.

ಆ ಗಿಡಗಳ ಚೀಟಿಯಲ್ಲಿ ಒಂದು ಸಾಲು ಇತ್ತು, ಇಲ್ಲಿನ ನರ್ಸರಿಗಳಲ್ಲಿ ನೂರಾರು ಗಿಡಗಳ ಮೇಲೆ ಕಾಣೋ ಸಾಲು: ಬೇರೂರಿದ ಮೇಲೆ ಬರ ತಾಳುತ್ತದೆ. ನಾವು "ಬರ ತಾಳುತ್ತದೆ" ಅನ್ನೋದನ್ನಷ್ಟೇ ಓದಿದ್ದೆವು. ಇರೋ ವಿಷಯವೆಲ್ಲಾ "ಬೇರೂರಿದ ಮೇಲೆ" ಅನ್ನೋದರಲ್ಲಿದೆ.

ಆಳುದ್ದದ ಗಿಡದ ಬೇರು ಎಲ್ಲಿದೆ ನೋಡಿ. ಒಂದು ಬಕೆಟ್ಟಿನಷ್ಟು ಮಣ್ಣಿನಲ್ಲಿ ಸುತ್ತಿಕೊಂಡು ಕೂತಿದೆ. ಅದೂ ನಿಜವಾದ ಮಣ್ಣಲ್ಲ, ತೊಗಟೆ ಪುಡಿ ಮತ್ತು ಹಗುರವಾದ ಗೊಬ್ಬರದ ಮಿಶ್ರಣ. ನೀರು ಬೇಗ ಇಂಗುತ್ತೆ, ಬೇಗ ಆರುತ್ತೆ. ಮೇಲೆ ಆರಡಿ ಎಲೆ, ಕೆಳಗೆ ಒಂದು ಬಕೆಟ್ ಬೇರು. ಸುತ್ತಲಿನ ನೆಲದಲ್ಲಿ ಒದ್ದೆ ಇದ್ದರೂ ಬೇರು ಅಲ್ಲಿಗೆ ತಲುಪಿರಲ್ಲ. ಜಾತಿ ಯಾವುದೇ ಆಗಿರಲಿ, ಆ ಸ್ಥಿತಿಯಲ್ಲಿ ಅದು ಕುಂಡದ ಗಿಡವೇ. ಅಮ್ಮ ಇದನ್ನು ಒಂದೇ ಮಾತಿನಲ್ಲಿ ಹೇಳಿದ್ದರು: "ತೆಂಗಿನ ಸಸಿಗೂ ಮೊದಲೆರಡು ಬೇಸಿಗೆ ಕೊಡದಲ್ಲಿ ಹೊತ್ತು ಹಾಕ್ತಿದ್ವಿ. ಇದಕ್ಕೆ ಬೇಡ ಅಂತ ಯಾರು ಹೇಳಿದ್ರು?" ನಾವು ಹನಿ ನೀರಾವರಿ ಇದೆಯಮ್ಮ ಅಂದೆವು. ಹನಿಪೈಪು ಇತ್ತು ನಿಜ, ವಾರಕ್ಕೆರಡು ಸಲ ಹತ್ತು ನಿಮಿಷ. ಅಷ್ಟು ನೀರು ಮೇಲಿನ ಎರಡಿಂಚನ್ನು ಒದ್ದೆ ಮಾಡಿ ಆವಿಯಾಗುತ್ತೆ.

ಸೆಪ್ಟೆಂಬರ್ 2022ರ ಮೊದಲ ವಾರದ ಬಿಸಿಗಾಳಿ ಇಲ್ಲಿದ್ದವರಿಗೆ ನೆನಪಿರುತ್ತೆ. 6ನೇ ತಾರೀಖು ಸ್ಯಾನ್ ಹೋಸೆಯಲ್ಲಿ 109 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 43 ಸೆಲ್ಸಿಯಸ್. ಆ ಊರಿನ ದಾಖಲೆಯಲ್ಲೇ ಅತಿ ಹೆಚ್ಚು. ಅದಾಗಿ ಹತ್ತು ದಿನಕ್ಕೆ ನಮ್ಮ ಸಾಲು ಕಾಫಿಪುಡಿ ಬಣ್ಣಕ್ಕೆ ತಿರುಗಿತು. ದೀಪಾವಳಿ ಹೊತ್ತಿಗೆ ಹನ್ನೆರಡರಲ್ಲಿ ಒಂಬತ್ತು ಹೋಗಿದ್ದವು. ಒಣಗಿದ ಎಲೆ ಉದುರಿ, ಕಿಟಕಿ ಮೊದಲಿಗಿಂತ ಸ್ಪಷ್ಟವಾಗಿ ಕಾಣ್ತಿತ್ತು. ಅಮ್ಮ ನವೆಂಬರ್‌ನಲ್ಲಿ ಊರಿಗೆ ಹೋದರು.

ಈಗ ಇದರ ಹಿಂದಿನ ಜೀವಶಾಸ್ತ್ರಕ್ಕೆ ಬರೋಣ, ಯಾಕಂದ್ರೆ ನಮಗೆ ಇದರಲ್ಲಿ ನಿಜವಾಗಿ ಇಷ್ಟವಾದ ಭಾಗ ಇದು.

ಬಂಡೀಪುರಕ್ಕೆ ಫೆಬ್ರವರಿ ಕೊನೆಯಲ್ಲಿ ಹೋದವರು ನೆನಪು ಮಾಡ್ಕೊಳ್ಳಿ. ತೇಗ, ಮತ್ತಿ, ಮುತ್ತುಗ ಎಲ್ಲಾ ಬೋಳು. ಒಣಗಾಲದಲ್ಲಿ ನಮ್ಮ ಕಡೆಯ ಮರಗಳು ಅಂಗಡಿ ಮುಚ್ಚಿಬಿಡುತ್ತವೆ. ಎಲೆ ಇದ್ದರೆ ತಾನೆ ನೀರು ಆರೋದು? ಉದುರಿಸಿಬಿಟ್ಟರೆ ಚಿಂತೆ ಇಲ್ಲ. ಮತ್ತೆ ಮಳೆ ಬರುವಾಗ ಬಿಸಿಲೂ ಇರುತ್ತೆ, ನೀರೂ ಇರುತ್ತೆ, ತೆಳ್ಳಗಿನ ಅಗ್ಗದ ಎಲೆಗಳನ್ನು ದಂಡಿಯಾಗಿ ಬಿಟ್ಟು ನಾಲ್ಕೈದು ತಿಂಗಳಲ್ಲಿ ವರ್ಷದ ಸಂಪಾದನೆ ಮಾಡ್ಕೊಳ್ಳುತ್ತವೆ.

ಕ್ಯಾಲಿಫೋರ್ನಿಯಾದ ಕರಾವಳಿ ಬೆಟ್ಟಗಳಲ್ಲಿ ಲೆಕ್ಕ ತಿರುವುಮುರುವು. ಬಿಸಿಲಿದ್ದಾಗ ನೀರಿಲ್ಲ, ನೀರಿದ್ದಾಗ ಚಳಿ. ಆದರೆ ಆ ಚಳಿ ಅಂಥಾ ಕೊರೆಯೋ ಚಳಿಯೇನಲ್ಲ, ಡಿಸೆಂಬರ್ ಮಧ್ಯಾಹ್ನವೂ ಎಲೆ ಒಂದಿಷ್ಟು ಕೆಲಸ ಮಾಡಬಹುದು. ಅದಕ್ಕೇ ಇಲ್ಲಿ ಎಲೆ ಇಟ್ಕೊಂಡವನೇ ಗೆದ್ದವನು. ಇಲ್ಲಿನ ಕೋಸ್ಟ್ ಲೈವ್ ಓಕ್ ನೋಡಿ. ಸೆಪ್ಟೆಂಬರ್‌ನಲ್ಲಿ ಬೆಟ್ಟದ ಹುಲ್ಲೆಲ್ಲಾ ಒಣಗಿ ಹೊಂಬಣ್ಣ ಆಗಿರುವಾಗ ಈ ಮರ ಮಾತ್ರ ಕಡುಹಸಿರು. ಎಲೆ ಚಿಕ್ಕದು, ದಪ್ಪ, ಅಂಚಿನಲ್ಲಿ ಮುಳ್ಳು, ಮುರಿದರೆ ಹಪ್ಪಳದ ಹಾಗೆ ಸದ್ದು. ಇಂಥ ಎಲೆ ಮಾಡೋದಕ್ಕೆ ಗಿಡಕ್ಕೆ ದುಬಾರಿ ಬೀಳುತ್ತೆ. ದುಬಾರಿ ಎಲೆಯನ್ನು ಬೇಗ ಬಿಸಾಕೋಕೆ ಆಗಲ್ಲ, ಬಹಳ ದಿನ ಬಾಳಿಸಬೇಕು.

ಒಳಗಿನ ಪೈಪುಗಳೂ ಹಾಗೇ. ಮರದೊಳಗೆ ನೀರು ಮೇಲಕ್ಕೆ ಹೋಗೋದು ಪಂಪಿನಿಂದ ಅಲ್ಲ, ಎಲೆಯಿಂದ ನೀರು ಆರುವಾಗ ಆಗೋ ಎಳೆತದಿಂದ. ನೆಲ ಒಣಗಿದಷ್ಟೂ ಜೋರಾಗಿ ಎಳೀಬೇಕು. ಒಂದು ಹಂತ ದಾಟಿದರೆ ನೀರಿನ ದಾರ ತುಂಡಾಗಿ ಕೊಳವೆಯೊಳಗೆ ಗಾಳಿಗುಳ್ಳೆ ಬಂದುಬಿಡುತ್ತೆ. ಗುಳ್ಳೆ ಬಂದ ಕೊಳವೆ ಕೆಲಸಕ್ಕೆ ಬರಲ್ಲ. ಇಂಥಾವು ಹೆಚ್ಚಾದರೆ ಕೊಂಬೆ ಒಣಗುತ್ತೆ, ಆಮೇಲೆ ಮರ. ಇಲ್ಲಿನ ಬೆಟ್ಟದ ಪೊದೆಗಿಡಗಳಲ್ಲಿ ಹಲವು 5 ಮೆಗಾಪಾಸ್ಕಲ್‌ಗಿಂತ ಹೆಚ್ಚಿನ ಎಳೆತವನ್ನು ತಡೀತವೆ. ಕಾರಿನ ಟೈರಿನಲ್ಲಿರೋ ಒತ್ತಡದ ಇಪ್ಪತ್ತು ಪಟ್ಟಿಗಿಂತ ಹೆಚ್ಚು ಅಂತ ಇಟ್ಕೊಳ್ಳಿ, ದಿಕ್ಕು ಮಾತ್ರ ಉಲ್ಟಾ. ಅದಕ್ಕೆ ಗಟ್ಟಿ ಗೋಡೆಯ ಕೊಳವೆ, ದಟ್ಟವಾದ ಕಟ್ಟಿಗೆ ಬೇಕು. ದಟ್ಟ ಕಟ್ಟಿಗೆ ಕಟ್ಟೋದು ನಿಧಾನದ ಕೆಲಸ. ಬರ ತಾಳೋದೂ ಬೇಗ ಬೆಳೆಯೋದೂ ಒಂದೇ ಮರದಲ್ಲಿ ಸುಲಭವಾಗಿ ಯಾಕೆ ಸಿಗಲ್ಲ ಅನ್ನೋದಕ್ಕೆ ಇದು ಒಂದು ಕಾರಣ.

"ಆದ್ರೆ ನೀಲಗಿರಿ ಇದೆಯಲ್ಲಾ?" ಅಂತ ಕೇಳ್ತೀರಿ. ಕೇಳಲೇಬೇಕು. ಹಸಿರಾಗಿರುತ್ತೆ, ಸರ್ರನೆ ಬೆಳೆಯುತ್ತೆ, ಕೋಲಾರದ ಬೇಸಿಗೆಯಲ್ಲೂ ಸಾಯಲ್ಲ. ಕ್ಯಾಲಿಫೋರ್ನಿಯಾಕ್ಕೂ ಅದು 1850ರ ದಶಕದಲ್ಲೇ ಬಂತು, ಗಾಳಿತಡೆ ಅಂತ ಮೈಲಿಗಟ್ಟಲೆ ನೆಟ್ಟರು. ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಹೊಸಕೋಟೆಯ ನೀಲಗಿರಿ ತೋಪಿನಲ್ಲಿ ಅಳತೆ ಮಾಡಿ 1997ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಕ್ಷೇತ್ರದಲ್ಲಿ ಬಹಳ ಪ್ರಸಿದ್ಧ. ಆ ಮರಗಳು ಬಿದ್ದ ಮಳೆಗಿಂತ ಹೆಚ್ಚು ನೀರು ಬಳಸಿದ್ದವು. ಬೇರುಗಳು ವರ್ಷವರ್ಷವೂ ಆಳಕ್ಕೆ ಇಳಿದು, ಹಿಂದಿನ ವರ್ಷಗಳಲ್ಲಿ ಮಣ್ಣಿನಲ್ಲಿ ಕೂಡಿಟ್ಟಿದ್ದ ನೀರನ್ನೂ ಎತ್ತಿಕೊಳ್ತಿದ್ದವು. ಎಲ್ಲಾ ಕಡೆ ಹೀಗಲ್ಲ, ಬೇರೆ ಜಾಗಗಳಲ್ಲಿ ಅದೇ ನೀಲಗಿರಿ ಸ್ಥಳೀಯ ಕಾಡಿನಷ್ಟೇ ನೀರು ಬಳಸಿದ್ದನ್ನೂ ಇದೇ ತಂಡ ತೋರಿಸಿದೆ. ಮಣ್ಣು ಎಷ್ಟು ಆಳ ಇದೆ ಅನ್ನೋದು ಮುಖ್ಯ. ನಾವು ಹಿಡಿದುಕೊಳ್ಳಬೇಕಾದ ಅಂಶ ಏನಂದ್ರೆ, ಬರ ತಾಳುವುದು ಬೇರೆ, ನೀರು ಕಡಿಮೆ ಕುಡಿಯುವುದು ಬೇರೆ. ಮೊದಲನೆಯದು ಮರದ ಉಳಿವಿನ ಮಾತು. ಎರಡನೆಯದು ನಿಮ್ಮ ಬಿಲ್ಲಿನ, ನಿಮ್ಮ ಊರಿನ ಮಾತು. ನಮ್ಮ ಸಂಭಾಷಣೆಯಲ್ಲಿ ಎರಡನ್ನೂ ಒಂದೇ ಪದದಲ್ಲಿ ಮುಗಿಸಿಬಿಡ್ತೀವಿ.

ಮೆನ್ಲೋ ಪಾರ್ಕ್‌ನಲ್ಲಿ ಈ ಗೊಂದಲ ಅತಿ ಹೆಚ್ಚು ಕಾಣೋದು ರೆಡ್‌ವುಡ್ ವಿಷಯದಲ್ಲಿ. ಇಲ್ಲೇ ಹುಟ್ಟಿದ ಮರ ಅಲ್ವಾ, ಹಾಗಾದ್ರೆ ಇಲ್ಲಿನ ಬರಕ್ಕೆ ಹೊಂದ್ಕೊಂಡಿರುತ್ತೆ ಅಂತ ಬೇಲಿಯುದ್ದಕ್ಕೂ ಹಾಕ್ತಾರೆ. ರೆಡ್‌ವುಡ್ ಇಲ್ಲಿಯ ಮರ ನಿಜ, ಆದರೆ ಮಂಜಿನ ಮರ. ಸಮುದ್ರದಿಂದ ಬರೋ ಮಂಜು ಅದರ ಎಲೆಗಳಿಗೆ ತಾಗಿ ಹನಿಹನಿಯಾಗಿ ಬೇರಿಗೆ ಬೀಳುತ್ತೆ. ಬರ್ಕ್ಲಿಯ ಟಾಡ್ ಡಾಸನ್ 1998ರಲ್ಲಿ ಲೆಕ್ಕ ಹಾಕಿದ ಪ್ರಕಾರ, ಉತ್ತರದ ಒಂದು ರೆಡ್‌ವುಡ್ ಕಾಡಿಗೆ ವರ್ಷದಲ್ಲಿ ಸೇರೋ ನೀರಿನಲ್ಲಿ ಸುಮಾರು ಮೂರನೇ ಒಂದು ಭಾಗ ಈ ಮಂಜಿನ ಹನಿಯದ್ದು. ಸಾಂತಾ ಕ್ರೂಜ್ ಬೆಟ್ಟಗಳ ಈಚೆ, ನಮ್ಮ ಬಯಲಿಗೆ ಅಷ್ಟು ಮಂಜು ಇಳಿಯಲ್ಲ. ಸ್ಯಾನ್ ಫ್ರಾನ್ಸಿಸ್ಕಿಟೊ ಹಳ್ಳದ ದಂಡೆಯಲ್ಲಿ, ನಮ್ಮೂರಿಗೂ ಪಾಲೊ ಆಲ್ಟೊಗೂ ನಡುವೆ, ಸಾವಿರ ವರ್ಷ ದಾಟಿದ ಎಲ್ ಪಾಲೊ ಆಲ್ಟೊ ಅನ್ನೋ ರೆಡ್‌ವುಡ್ ನಿಂತಿದೆ. ಅದು ನಿಂತಿರೋದು ಹಳ್ಳದ ದಂಡೆಯಲ್ಲಿ ಅನ್ನೋದನ್ನು ಮರೀಬೇಡಿ. ಅಂತರ್ಜಲ ಇಳಿದಾಗ ಅದೂ ಸೊರಗಿತ್ತು. 2015ರ ಏಪ್ರಿಲ್ 1ರಂದು ರಾಜ್ಯಪಾಲ ಜೆರ್ರಿ ಬ್ರೌನ್ ಹಿಮವೇ ಇಲ್ಲದ ಸಿಯೆರಾ ಹುಲ್ಲುಗಾವಲಲ್ಲಿ ನಿಂತು, ನಗರಗಳು ನೀರಿನ ಬಳಕೆಯನ್ನು ಶೇಕಡಾ 25 ಇಳಿಸಬೇಕು ಅಂದರಲ್ಲ, ಆಗ ಜನ ಹುಲ್ಲುಹಾಸಿನ ನೀರು ನಿಲ್ಲಿಸಿದರು. ಆ ಹುಲ್ಲುಹಾಸಿನ ನೀರನ್ನೇ ಗುಟ್ಟಾಗಿ ಕುಡಿದು ಬದುಕಿದ್ದ ರೆಡ್‌ವುಡ್‌ಗಳು ನೆತ್ತಿಯಿಂದ ಒಣಗತೊಡಗಿದವು.

ಒಂದು ಸಣ್ಣ ಲೆಕ್ಕ ಮಾಡೋಣ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತೋಟದ ಗಿಡಗಳನ್ನು ನೀರಿನ ಬೇಡಿಕೆಯ ಮೇಲೆ ವಿಂಗಡಿಸಿದೆ. ಹೆಚ್ಚು ನೀರಿನ ವರ್ಗ ಅಂದ್ರೆ ಮಾನದಂಡದ ಹುಲ್ಲಿನಿಂದ ಆರೋ ನೀರಿನ 70ರಿಂದ 90 ಶೇಕಡಾ, ಕಡಿಮೆ ವರ್ಗ ಅಂದ್ರೆ 10ರಿಂದ 30. ಐವತ್ತು ಅಡಿ ಉದ್ದ, ಆರಡಿ ಅಗಲದ ಹಸಿರು ಸಾಲು ಇದೆ ಅಂದ್ಕೊಳ್ಳಿ. ಇಲ್ಲಿ ಜುಲೈ ತಿಂಗಳಲ್ಲಿ ಹುಲ್ಲಿನಿಂದ ಆರೋ ನೀರನ್ನು ಆರೂವರೆ ಇಂಚು ಅಂತ ಹಿಡಿದರೆ, ಹೆಚ್ಚಿನ ವರ್ಗದ ಸಾಲಿಗೆ ಆ ಒಂದು ತಿಂಗಳಿಗೆ ಹತ್ತಿರಹತ್ತಿರ ಸಾವಿರ ಗ್ಯಾಲನ್ ಬೇಕು. ನಮ್ಮ ಪ್ಲಾಸ್ಟಿಕ್ ಕೊಡದ ಲೆಕ್ಕದಲ್ಲಿ ಇನ್ನೂರೈವತ್ತು ಕೊಡ. ಕಡಿಮೆ ವರ್ಗದ್ದಕ್ಕೆ ಅರವತ್ತು ಚಿಲ್ಲರೆ. ನಮ್ಮ ಕಡೆಯ ನಲ್ಲಿ ನೀರು ಹೆಚ್ಚಿನದು ಯೊಸೆಮಿಟಿಯ ಹೆಚ್ ಹೆಚಿ ಕಣಿವೆಯಿಂದ 160 ಮೈಲಿ ಹರಿದು ಬಂದದ್ದು. ಆ ಕಣಿವೆಯನ್ನು ಮುಳುಗಿಸಿದ ಅಣೆಕಟ್ಟಿನ ನೀರು. ಅದನ್ನು ಕಿಟಕಿ ಮರೆಮಾಡೋಕೆ ಇನ್ನೂರೈವತ್ತು ಕೊಡ ಸುರಿಯೋದು ನಮಗೆ ಸರಿ ಕಾಣಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬೋರ್‌ವೆಲ್ ಬತ್ತಿ, ಕುಡಿಯೋ ನೀರನ್ನು ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದಾಗ ಇಲ್ಲಿನ ವಾಟ್ಸಾಪ್ ಗುಂಪುಗಳಲ್ಲಿ ಎಲ್ಲರೂ ಅಯ್ಯೋ ಅಂದೆವು. ಅಯ್ಯೋ ಅಂದವರ ಹಿತ್ತಲಲ್ಲಿ ಸ್ಪ್ರಿಂಕ್ಲರ್ ಓಡ್ತಿತ್ತು. ನಮ್ಮದೂ ಸೇರಿ.

ನೀರಷ್ಟೇ ಅಲ್ಲ, ಒಂದೇ ಜಾತಿಯ ಸಾಲಿನದ್ದು ಇನ್ನೊಂದು ತಲೆನೋವು. ಬೇಗ ಮರೆ ಬೇಕು ಅನ್ನೋರು ಲೇಲ್ಯಾಂಡ್ ಸೈಪ್ರೆಸ್ ಹಾಕ್ತಾರೆ. ಇದರ ಹುಟ್ಟು ಸ್ವಾರಸ್ಯ. ಒಬ್ಬ ಪೋಷಕ ನಮ್ಮಿಂದ ಎರಡು ಗಂಟೆ ದಾರಿಯ ಮಾಂಟೆರೆ ಕರಾವಳಿಯ ಸೈಪ್ರೆಸ್, ಇನ್ನೊಬ್ಬ ಉತ್ತರದ ನೂಟ್ಕಾ ಸೈಪ್ರೆಸ್. ಕಾಡಿನಲ್ಲಿ ಈ ಎರಡು ಭೇಟಿಯಾಗೋದೇ ಇಲ್ಲ. 1888ರಲ್ಲಿ ವೇಲ್ಸ್‌ನ ಒಂದು ತೋಟದಲ್ಲಿ ಅಕ್ಕಪಕ್ಕ ಇದ್ದದ್ದಕ್ಕೆ ಮಿಶ್ರವಾದವು. ಮಾರೋದೆಲ್ಲಾ ಕಡ್ಡಿಯಿಂದ ಬೆಳೆಸಿದ್ದು, ಅಂದರೆ ಸಾಲಿನಲ್ಲಿರೋ ಇಪ್ಪತ್ತು ಮರವೂ ಒಂದೇ ಮರದ ನಕಲು. ಸೈಪ್ರೆಸ್ ತೊಗಟೆ ಹುಣ್ಣಿನ ಶಿಲೀಂಧ್ರ, ಕ್ಯಾಲಿಫೋರ್ನಿಯಾದಿಂದಲೇ 1928ರಲ್ಲಿ ಮೊದಲು ವರದಿಯಾದದ್ದು, ಬಾಯಾರಿದ ಮರವನ್ನು ಹುಡುಕಿ ಹಿಡಿಯುತ್ತೆ. ಒಂದಕ್ಕೆ ಬಂದರೆ ಎಲ್ಲದಕ್ಕೂ ಬರುತ್ತೆ. ಸಾಲಿನ ಮಧ್ಯೆ ಒಂದು ಸತ್ತರೆ ಹಲ್ಲು ಬಿದ್ದ ಹಾಗೆ ಸಂದು. ಅದೇ ಎತ್ತರದ ಇನ್ನೊಂದನ್ನು ತಂದು ಅಲ್ಲಿ ನಿಲ್ಲಿಸೋಕೆ ಆಗಲ್ಲ. ಬೆಂಗಳೂರಿನ ಕಾಂಪೌಂಡುಗಳ ಸಾಲು ಅಶೋಕ ನೋಡಿದವರಿಗೆ ಇದು ಹೊಸದಲ್ಲ. ಬೇಲಿಗೆ, ಚೆಂದಕ್ಕೆ ಅಂತ ಹೊರಗಿನಿಂದ ತಂದ ಲಂಟಾನ ಇವತ್ತು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡೊಳಗೆ ಏನು ಮಾಡಿದೆ ಅನ್ನೋದು ಇನ್ನೊಂದು ಸಂಚಿಕೆಗಾಗುವಷ್ಟು ಕಥೆ.

ಕಾನೂನಿನದ್ದೂ ಒಂದು ಮಾತು. ಮರ ಆದ್ರೆ ಬೇಲಿ ಎತ್ತರದ ನಿಯಮ ಬರಲ್ಲ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಪಕ್ಕದವರನ್ನು ಗೋಳಾಡಿಸೋಕೆ ಅಂತಲೇ ಹತ್ತಡಿಗಿಂತ ಎತ್ತರದ ಬೇಲಿ ಹಾಕೋದನ್ನು ಕ್ಯಾಲಿಫೋರ್ನಿಯಾ ಕಾನೂನು ತಡೆಯುತ್ತೆ. ಮರದ ಸಾಲು ಕೂಡ ಅಂಥ ಬೇಲಿ ಆಗಬಹುದು ಅಂತ 2002ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದೆ. ನಮ್ಮಿಂದ ದೂರವೇನಲ್ಲದ ಸನಿವೇಲ್‌ನಲ್ಲಿ ಒಂದು ದಂಪತಿ 1990ರ ದಶಕದ ಕೊನೆಗೆ ಹಿತ್ತಲಲ್ಲಿ ಎಂಟು ರೆಡ್‌ವುಡ್ ಹಾಕಿದ್ದರು. 2001ರಲ್ಲಿ ಪಕ್ಕದವರು ಸೌರಫಲಕ ಹಾಕಿದರು. ಮರ ಬೆಳೆದು ನೆರಳು ಬಿತ್ತು, 2007ರ ಕೊನೆಗೆ ಮರದವರೇ ಅಪರಾಧಿಗಳಾದರು. ಮರ ಮೊದಲೇ ಇದ್ದರೆ ಅದಕ್ಕೆ ರಕ್ಷಣೆ ಅಂತ ಮುಂದಿನ ವರ್ಷ ಕಾನೂನನ್ನೇ ತಿದ್ದಬೇಕಾಯ್ತು. ಎರಡೂ ಮನೆಯವರು ಪರಿಸರದ ಕಾಳಜಿ ಇದ್ದವರೇ, ತಮಾಷೆ ನೋಡಿ. ಇನ್ನು ನಮ್ಮೂರಲ್ಲಿ, ಕಾಂಡ ಹತ್ತು ಇಂಚು ದಪ್ಪ ದಾಟಿದ ಸ್ಥಳೀಯ ಓಕ್ ಪಾರಂಪರಿಕ ಮರ, ಬೇರೆ ಮರಗಳಾದರೆ ಹದಿನೈದು ಇಂಚು. ಆಮೇಲೆ ಬೇಡ ಅಂದ್ರೆ ಅನುಮತಿ ಇಲ್ಲದೆ ಕಡಿಯೋ ಹಾಗಿಲ್ಲ. ನಾವು ಈ ನಿಯಮದ ಪರ. ಅವಸರದಲ್ಲಿ ನೆಟ್ಟ ಮರ ನಿಮ್ಮ ನಂತರ ಬರೋರ ತಲೆಗೂ ಬರುತ್ತೆ ಅನ್ನೋದು ಅದರ ಇನ್ನೊಂದು ಮುಖ.

ಹಾಗಾದ್ರೆ ಎರಡನೇ ಸಲ ನಾವೇನು ಮಾಡಿದೆವು?

ಮೊದಲು ಹೋಗಿ ಪಕ್ಕದವರ ಬಾಗಿಲು ತಟ್ಟಿದೆವು. ಇದನ್ನು ಆರು ತಿಂಗಳ ಹಿಂದೆಯೇ ಮಾಡಬೇಕಿತ್ತು. ಅದು ಅವರ ಮಗುವಿನ ಕೋಣೆ. ಆ ತಾಯಿ, ನಿಮ್ಮ ಹಿತ್ತಲಿಂದ ಕಾಣುತ್ತೆ ಅಂತ ನಾವೂ ಪರದೆ ಹಾಕ್ಕೊಂಡೇ ಇರ್ತೀವಿ ಅಂದರು. ಮುಂದಿನ ವಾರ ಕಿಟಕಿಯ ಕೆಳಗಿನ ಅರ್ಧಕ್ಕೆ ಮಂಜು ಗಾಜಿನಂಥ ಹಾಳೆ ಅಂಟಿಸಿದರು. ಒಂದು ಹನಿ ನೀರೂ ಬೇಡದ ಮರೆ ಅದು.

ಆಮೇಲೆ ಒಂದು ಹಾಳೆಯ ಮೇಲೆ ಗೆರೆ ಎಳೆದೆವು. ಎರಡನೇ ಅಂತಸ್ತಿನಲ್ಲಿ ನಿಂತವರ ಕಣ್ಣು ನೆಲದಿಂದ ಸುಮಾರು ಹದಿನೈದು ಅಡಿ. ಬೆಂಚಿನ ಮೇಲೆ ಕೂತವರ ಕಣ್ಣು ನಾಲ್ಕು ಅಡಿ. ಕಿಟಕಿ ಬೇಲಿಯಿಂದ ಹದಿನೈದು ಅಡಿ ಆಚೆ, ಬೆಂಚು ಇಪ್ಪತ್ತು ಅಡಿ ಈಚೆ. ಬೇಲಿ ಪಕ್ಕದಲ್ಲಿ ಮರ ಹಾಕಿದರೆ ಆ ದೃಷ್ಟಿಗೆರೆ ಕಡಿಯೋಕೆ ಹತ್ತಡಿಗಿಂತ ಎತ್ತರ ಬೇಕು. ಬೆಂಚಿನಿಂದ ಎಂಟೇ ಅಡಿ ದೂರದಲ್ಲಿ ಹಾಕಿದರೆ ಆರೂವರೆ ಅಡಿ ಸಾಕು! ಪ್ರೌಢಶಾಲೆಯ ಸಮರೂಪ ತ್ರಿಕೋನದ ಲೆಕ್ಕ. ಇಡೀ ಹಿತ್ತಲಿಗೆ ಕೋಟೆ ಕಟ್ಟೋದು ಬಿಟ್ಟು, ಯಾರು ಎಲ್ಲಿ ಕೂರ್ತಾರೋ ಅಲ್ಲಿಗೆ ಮರೆ ಮಾಡಿದರೆ ಎತ್ತರ, ನೀರು, ಕಾಯೋ ವರ್ಷ ಮೂರೂ ಕಡಿಮೆ ಆಗುತ್ತೆ.

ಗಿಡಗಳು ಮಿಶ್ರ. ಟೊಯಾನ್ ನಾಲ್ಕು, ಕ್ಯಾಟಲಿನಾ ಚೆರ್ರಿ ಮೂರು, ಕಾಫಿಬೆರ್ರಿ ಐದು. ಟೊಯಾನ್ ಸೇಬಿನ ಕುಟುಂಬದ್ದು, ಇಲ್ಲಿನ ಬೆಟ್ಟಗಳಲ್ಲಿ ತಾನಾಗೇ ಬೆಳೆಯುತ್ತೆ, ಚಳಿಗಾಲದಲ್ಲಿ ಕೆಂಪು ಹಣ್ಣು. ಹಸಿ ಹಣ್ಣು ಮಕ್ಕಳು ತಿನ್ನದ ಹಾಗೆ ನೋಡ್ಕೊಳ್ಳಿ. ಕ್ಯಾಟಲಿನಾ ಚೆರ್ರಿ ದಕ್ಷಿಣದ ದ್ವೀಪಗಳದ್ದು, ಹೊಳೆಯೋ ಎಲೆ, ಮೂರರಲ್ಲಿ ಇದೇ ಎತ್ತರ. ಕಾಫಿಬೆರ್ರಿಗೂ ಚಿಕ್ಕಮಗಳೂರಿಗೂ ಸಂಬಂಧ ಇಲ್ಲ, ಅದು ನಮ್ಮ ಎಲಚಿ ಹಣ್ಣಿನ ಕುಟುಂಬ. ಲೈವ್ ಓಕ್ ಹಾಕೋ ಆಸೆ ಇತ್ತು, ಜಾಗ ಸಾಲಲಿಲ್ಲ. ನಿಮ್ಮ ಹಿತ್ತಲಲ್ಲಿ ಹಳೆಯ ಓಕ್ ಇದ್ದರೆ ಒಂದು ಮಾತು. ಅದರ ಬುಡಕ್ಕೆ ಬೇಸಿಗೆಯಲ್ಲಿ ನೀರು ಹಾಯಿಸೋ ಯಾವ ಗಿಡವನ್ನೂ ಹಾಕಬೇಡಿ. ಬೆಚ್ಚಗಿನ ಒದ್ದೆ ಮಣ್ಣಲ್ಲಿ ಬೇರುಕೊಳೆಯ ಶಿಲೀಂಧ್ರಗಳು ಎದ್ದು, ನೂರು ಬರ ಕಂಡ ಮರವನ್ನು ಪ್ರೀತಿಯಿಂದಲೇ ಕೊಂದ ಹಾಗಾಗುತ್ತೆ. ಹತ್ತಿರದಲ್ಲಿ ಕ್ಯಾಲಿಫೋರ್ನಿಯಾ ಬೇ ಮರವನ್ನೂ ಹಾಕಬೇಡಿ, ಓಕ್‌ಗಳ ಹಠಾತ್ ಸಾವಿನ ರೋಗಾಣು ಅದರ ಎಲೆ ಮೇಲೆ ಬೆಳೆದು ಓಕ್‌ಗೆ ಹಾರುತ್ತೆ.

ಎಲ್ಲವೂ ಮೊಣಕಾಲುದ್ದದ ಚಿಕ್ಕ ಸಸಿಗಳು. ಅಗ್ಗ ಅಂತ ಮಾತ್ರ ಅಲ್ಲ, ಚಿಕ್ಕ ಸಸಿಯ ಬೇರು ಇನ್ನೂ ಕುಂಡದಲ್ಲಿ ಸುತ್ತಿಕೊಂಡಿರಲ್ಲ, ನೆಲಕ್ಕೆ ಬೇಗ ಇಳಿಯುತ್ತೆ. ಕೆಲವು ವರ್ಷದಲ್ಲಿ ದೊಡ್ಡ ಕುಂಡದ ಗಿಡವನ್ನು ಹಿಡಿದುಬಿಡುತ್ತೆ. ನೆಟ್ಟದ್ದು ನವೆಂಬರ್‌ನಲ್ಲಿ, ಮೊದಲ ಮಳೆ ಬಿದ್ದ ಮೇಲೆ. ಆ ಡಿಸೆಂಬರ್-ಜನವರಿಯಲ್ಲಿ ಸಾಲು ಸಾಲು ಬಿರುಗಾಳಿ ಮಳೆ, ನಮ್ಮ ಬೀದಿಯಲ್ಲಿ ದೊಡ್ಡ ಮರಗಳೇ ಉರುಳಿದವು, ನಮ್ಮ ಸಸಿಗಳು ಕುಡಿದೂ ಕುಡಿದೂ ಚಿಗುರಿದವು. ಅದು ಅದೃಷ್ಟ, ಒಪ್ಕೋತೀವಿ. ಮೊದಲ ಬೇಸಿಗೆ ವಾರಕ್ಕೊಮ್ಮೆ ಬುಡದ ಸುತ್ತ ಪಾತಿ ಕಟ್ಟಿ ನಿಧಾನವಾಗಿ ಪೂರ್ತಿ ತೋಯಿಸಿದೆವು. ಎರಡನೇ ಬೇಸಿಗೆ ಎರಡು ಮೂರು ವಾರಕ್ಕೊಮ್ಮೆ. ಮೂರನೆಯದರಲ್ಲಿ ತಿಂಗಳಿಗೊಂದು. ಮೇಲೆ ಮೂರಿಂಚು ಕಟ್ಟಿಗೆ ಚೂರಿನ ಹೊದಿಕೆ, ಕಾಂಡಕ್ಕೆ ತಾಗದ ಹಾಗೆ. ಟೊಯಾನ್ ಒಂದು ಹೋಯಿತು. ಅದಕ್ಕೆ ನೀರು ಹೆಚ್ಚಾಗಿತ್ತು.

ಮರ ಬೆಳೆಯೋವರೆಗೆ ಏನು? ಎರಡು ಕಂಬ ನೆಟ್ಟು ಒಂದು ಬಿದಿರಿನ ಚಾಪೆ ಕಟ್ಟಿದೆವು. ನೋಡೋಕೆ ಊರಿನ ಬಚ್ಚಲಮನೆ ತಟ್ಟಿಯ ಹಾಗಿತ್ತು. ಬಂದವರು ನಕ್ಕರು. ಮೂರು ವರ್ಷ ನಕ್ಕರು. ನಮ್ಮ ವಾದದ ತಿರುಳೇ ಈ ಚಾಪೆ: ಅವಸರವನ್ನು ಚಾಪೆಗೆ ಕೊಡಿ, ಮರಕ್ಕೆ ಕೊಡಬೇಡಿ. "ತಕ್ಷಣದ ಮರೆ" ಅಂತ ದೊಡ್ಡ ಗಿಡಗಳನ್ನು ಮಾರೋದು, "ಬರ ತಾಳುತ್ತದೆ" ಅನ್ನೋದನ್ನು ದಪ್ಪಕ್ಷರದಲ್ಲೂ "ಬೇರೂರಿದ ಮೇಲೆ" ಅನ್ನೋದನ್ನು ಸಣ್ಣಕ್ಷರದಲ್ಲೂ ಹಾಕೋದು ನಿಲ್ಲಬೇಕು. ಎಷ್ಟು ಬೇಸಿಗೆ, ಎಷ್ಟು ನೀರು ಅಂತ ಚೀಟಿಯಲ್ಲೇ ಬರೆಯಲಿ. ಬಿಸ್ಕತ್ ಪೊಟ್ಟಣದ ಮೇಲೆ ಸಕ್ಕರೆ ಎಷ್ಟು ಅಂತ ಬರೀತಾರಲ್ಲ, ಇದನ್ನು ಬರೆಯೋಕೆ ಏನು ಕಷ್ಟ?

ಪರ್ತ್, ಅಡಿಲೇಡ್‌ನಲ್ಲಿರೋ ಕೇಳುಗರಿಗೆ ನಮ್ಮಂಥದ್ದೇ ಹವಾಮಾನ, ತಿಂಗಳು ಮಾತ್ರ ತಿರುಗಿಸಿಕೊಳ್ಳಿ. ಬೆಂಗಳೂರು, ಮೈಸೂರಿನವರಿಗೆ ಮೃಗಶಿರಾ ಮಳೆಯ ಲೆಕ್ಕವೇ ಸರಿ. ಡಲ್ಲಾಸ್, ದುಬೈನವರು ಈ ಗಿಡಗಳ ಹೆಸರು ಬರ್ಕೋಬೇಡಿ, ನಿಮ್ಮ ಊರಿನ ಗುಡ್ಡದಲ್ಲಿ ಯಾರೂ ನೀರು ಹಾಕದೆ ಹಸಿರಾಗಿರೋದು ಯಾವುದು ಅಂತ ಮೊದಲು ನೋಡ್ಕೊಂಡು ಬನ್ನಿ.

ಕಳೆದ ಚಳಿಗಾಲ ಅಮ್ಮ ಮತ್ತೆ ಬಂದಿದ್ದರು. ಬೆಂಚಿನ ಮುಂದಿನ ಟೊಯಾನ್‌ಗಳು ಈಗ ಏಳಡಿ ದಾಟಿವೆ, ಚಾಪೆ ತೆಗೆದಾಗಿದೆ. ಕೂದಲು ಹರವಿಕೊಂಡು, ಫೋನಿನಲ್ಲಿ ತಿಪಟೂರಿನ ಕೊಬ್ಬರಿ ರೇಟು ಕೇಳ್ತಾ ಅಲ್ಲೇ ಕೂತಿರ್ತಿದ್ರು. ಜನವರಿಯಲ್ಲಿ ಒಂದು ದಿನ ಸೀಡರ್ ವ್ಯಾಕ್ಸ್‌ವಿಂಗ್ ಹಕ್ಕಿಗಳ ಹಿಂಡು ಇಳಿದು, ಅರ್ಧ ಗಂಟೆಯಲ್ಲಿ ಹಣ್ಣೆಲ್ಲಾ ಬೋಳಿಸಿ, ಪಕ್ಕದ ಹಗ್ಗದಲ್ಲಿ ಒಣಹಾಕಿದ್ದ ಬಿಳಿ ವಾಯಿಲ್ ಸೀರೆ ತುಂಬಾ ಕಿತ್ತಳೆ ಬಣ್ಣದ ಹಿಕ್ಕೆ ಹಾಕಿ ಹೋಯಿತು. ಆ ಕಲೆ ಎರಡು ಸಲ ಒಗೆದರೂ ಹೋಗಲಿಲ್ಲ. ಯಾರಿಗಾದರೂ ಉಪಾಯ ಗೊತ್ತಿದ್ದರೆ ಬರೆದು ತಿಳಿಸಿ.